ಸೂರ್ಯನ ಗುಂಡಿಯೂ ಮಾವನವರ ವಿಭೂತಿಯೂ

ಆ ಶನಿವಾರವೂ ಎಲ್ಲ ಶನಿವಾರಗಳ ಹಾಗೆಯೇ ಶುರುವಾಯಿತು. ಐದೂವರೆಗೆ ಹಾಲಿನವನ ಸೈಕಲ್ ಬೆಲ್ಲು. ಆರಕ್ಕೆ ನಲ್ಲಿಯಲ್ಲಿ ಮೊದಲು ಬುಸ್ಸೆಂದು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ನೀರು. ಆರೂಕಾಲಿಗೆ ಅತ್ತೆಗೆ ಒಂದು ಕಾಫಿ, ಅದು ಸಾಲದೆಂದು ಆರೂಮುಕ್ಕಾಲಿಗೆ ಇನ್ನೊಂದು. ನಮ್ಮ ಯಜಮಾನರು ಗುಂಡ್ಲುಪೇಟೆಯಲ್ಲಿ ಹೈಸ್ಕೂಲು ಮೇಷ್ಟ್ರು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಏಳರೊಳಗೆ ಇರಬೇಕು. ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಇನ್ನೊಂದು ಕೈಯಲ್ಲಿ ಸಾಕ್ಸು ಹಿಡಿದುಕೊಂಡು ಅವರು ಹೇಳಿದರು: "ಸಂಜೆಯೊಳಗೆ ಇನ್ನೂರು ಕಾರ್ಡು ಆಗಿರ್ಲಿ. ನಾಳೆ ಭಾನುವಾರ ಚಂದಕವಾಡಿ, ಪುಣಜನೂರು ಎಲ್ಲ ಸುತ್ತಿ ಕೊಟ್ಟು ಬರ್ತೀನಿ. ಅಪ್ಪನ ಮುಖ ಮಾತ್ರ ಸ್ವಲ್ಪ ಬೆಳ್ಳಗೆ ಮಾಡು." ಉಪ್ಪಿಟ್ಟಿಗೆ ಇನ್ನಷ್ಟು ಉಪ್ಪು ಹಾಕು ಎಂದಷ್ಟೇ ಸಲೀಸಾಗಿ ಹೇಳಿ ಬಸ್ಸಿಗೆ ಹೋದರು.

ಈ ಕೆಲಸ ನನಗೇ ಯಾಕೆ ಬಂತು ಎಂಬುದಕ್ಕೆ ಒಂದು ಕಾರಣವಿದೆ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಇಂಗ್ಲಿಷ್ ಅಕ್ಷರ ಇರುವ ಎಲ್ಲವೂ ನನ್ನ ಪಾಲಿಗೆ. ಔಷಧಿ ಚೀಟಿ, ಗ್ಯಾಸಿನ ರೆಗ್ಯುಲೇಟರು, ಟ್ರ್ಯಾಕ್ಟರಿನ ಇನ್ಶೂರೆನ್ಸು, ಒಮ್ಮೆ ಪಕ್ಕದ ಬೀದಿಯವರ ಬೋರ್‌ವೆಲ್ ಮೋಟಾರಿನ ಗ್ಯಾರಂಟಿ ಕಾರ್ಡು. ಕಂಪ್ಯೂಟರು ಮನೆಗೆ ಬಂದ ದಿನ ಅದರ ಪರದೆಯ ಮೇಲೆ ಮೂಡಿದ್ದೆಲ್ಲ ಇಂಗ್ಲಿಷೇ ಆಗಿದ್ದರಿಂದ ಅದೂ ನನ್ನದೇ ಎಂದು ತೀರ್ಮಾನವಾಯಿತು. ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದು ಪದ್ಯ ಬಾಯಿಪಾಠ, ಕ್ರಾಸ್ ಸ್ಟಿಚ್, ಮತ್ತು ಬಾಗಿಲನ್ನು ಸದ್ದಿಲ್ಲದೆ ಹಾಕುವುದು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಕ್ರಾಸ್ ಸ್ಟಿಚ್ಚಿನ ಉಪಯೋಗವಂತೂ ಆಗಿದೆ. ಕಂಪ್ಯೂಟರಿಗೆ ಹೊದಿಸುವ ಬಟ್ಟೆಯ ಮೇಲೆ ಎರಡು ಗಿಳಿಗಳನ್ನು ಹಾಕಿದ್ದೇನೆ. ಮನೆಗೆ ಬಂದವರು ಕಂಪ್ಯೂಟರಿಗಿಂತ ಹೆಚ್ಚಾಗಿ ಗಿಳಿಗಳನ್ನೇ ನೋಡುತ್ತಾರೆ.

ಮಾವನವರು ಲಿಂಗೈಕ್ಯರಾಗಿ ಮುಂದಿನ ವಾರಕ್ಕೆ ವರ್ಷ ತುಂಬುತ್ತಿತ್ತು. ಪುಣ್ಯಸ್ಮರಣೆಯ ಕಾರ್ಡಿಗೆ ಅವರದೊಂದು ಭಾವಚಿತ್ರ ಬೇಕು. ಎಂಬತ್ತರ ಹತ್ತಿರ ಬದುಕಿದ ಮನುಷ್ಯ, ಫೋಟೋ ಎಂದರೆ ಮಾತ್ರ ಹಿತ್ತಲ ಕಡೆ ಹೋಗಿಬಿಡುತ್ತಿದ್ದರು. ಎಲ್ಲರ ಮದುವೆ ಆಲ್ಬಂಗಳಲ್ಲೂ ಅವರು ಇದ್ದಾರೆ, ಆದರೆ ಒಂದರಲ್ಲಿ ಭುಜ, ಇನ್ನೊಂದರಲ್ಲಿ ಬೆನ್ನು, ಮತ್ತೊಂದರಲ್ಲಿ ಪಾಯಸ ಬಡಿಸುವ ಕೈ. ಮುಖ ನೆಟ್ಟಗೆ ಸಿಕ್ಕಿದ್ದು ಒಂದೇ ಒಂದು. ಗುಂಡ್ಲುಪೇಟೆಯಲ್ಲಿರುವ ಇವರ ಅಕ್ಕನ ಗೃಹಪ್ರವೇಶದಲ್ಲಿ, ಬಾಗಿಲಿನ ಹತ್ತಿರ ನಿಂತಿದ್ದಾಗ ಯಾರೋ ತೆಗೆದದ್ದು. ಹಿಂದಿನಿಂದ ಬಿಸಿಲು, ಮುಂದೆ ಕತ್ತಲೆ. ಹೀಗಾಗಿ ಹೊಸ ಮನೆಯ ಬಾಗಿಲುವಾಡ ಥಳಥಳ ಹೊಳೆಯುತ್ತಿದೆ, ಮಾವನವರು ಮಸಿಯ ಹಾಗಿದ್ದಾರೆ. ಸ್ಟುಡಿಯೋದವರು ನೆಗೆಟಿವ್ ತಂದುಕೊಟ್ಟರೆ ನೋಡೋಣ ಎಂದರು. ನೆಗೆಟಿವ್ ಎಲ್ಲಿದೆಯೆಂದು ಅತ್ತಿಗೆಗೂ ಗೊತ್ತಿಲ್ಲ. "ಸ್ಟುಡಿಯೋ ಯಾಕೆ, ಮನೇಲಿ ಕಂಪ್ಯೂಟರ್ ಇದೆ, ನೀನಿದ್ದೀಯ" ಎಂದರು ಇವರು. ಈ ಮಾತಿನಲ್ಲಿ ಹೊಗಳಿಕೆ ಎಷ್ಟು, ಸೋಮಾರಿತನ ಎಷ್ಟು ಎಂದು ನಾನು ಬಹಳ ವರ್ಷಗಳಿಂದ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಆದರೆ ಕೆಲಸವನ್ನು ಬೇಡ ಎನ್ನದಿರುವುದಕ್ಕೆ ಅತ್ತೆ ಕಾರಣ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿ ಎಂದರೆ "ವರ್ಸ ಆಗ್ಲಿ, ಆಮೇಲೆ ನೋಡನ" ಎಂದು ತಳ್ಳಿಕೊಂಡು ಬಂದಿದ್ದರು. ಗೋಡೆಗೆ ತೂಗುಹಾಕಿರುವ ಮಾವನವರ ಚಿತ್ರ ಅದೇ ಗೃಹಪ್ರವೇಶದ್ದೇ. ಮೊದಲೇ ಕಪ್ಪು, ಮೇಲೆ ಗಾಜು, ಗಾಜಿನಲ್ಲಿ ಎದುರಿನ ಕಿಟಕಿ. ಅತ್ತೆ ದಿನಾ ಅದಕ್ಕೆ ಹೂವಿಟ್ಟು ಕೈಮುಗಿಯುತ್ತಾರೆ. ಒಂದು ದಿನ ಹೂವಿಡುತ್ತಾ, ನನಗೆ ಕೇಳಿಸಲೆಂದಲ್ಲ, ಸುಮ್ಮನೆ ಹೇಳಿಕೊಂಡರು: "ವರ್ಸದಿಂದ ಕಿಟ್ಕಿಗೇ ಕೈ ಮುಗೀತಾ ಇವ್ನಿ. ಕಾರ್ಡಲ್ಲಾದ್ರೂ ಒಂದ್ಸಲ ಮುಖ ಕಂಡ್ರೆ ಆಯ್ತದೆ." ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಆ ಮಾತು ಕೇಳಿದ ಮೇಲೆ ಕಾರ್ಡು ನನ್ನ ಜವಾಬ್ದಾರಿಯಾಗಿಬಿಟ್ಟಿತು.

ಹಿಂದಿನ ದಿನ, ಶುಕ್ರವಾರ, ನಾನು ಸ್ಕ್ಯಾನ್ ಮಾಡಿಸಿ ತಂದಿದ್ದ ಫೋಟೋವನ್ನು ವರ್ಡ್‌ನಲ್ಲಿ ಮಾಡಿದ ಕಾರ್ಡಿಗೆ ಸೇರಿಸಿ ಒಂದು ಪ್ರಿಂಟು ತೆಗೆದು ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಕೊಂಡೊಯ್ದಿದ್ದೆ. ಮಾನಿಟರಿನಲ್ಲಿ ಸಾಧಾರಣ ಕಪ್ಪಾಗಿದ್ದ ಮಾವನವರು ಪ್ರಿಂಟಿನಲ್ಲಿ ಇನ್ನಷ್ಟು ಕಪ್ಪಾದರು. ಜೆರಾಕ್ಸಿನಲ್ಲಿ ಮುಖವೇ ಹೊರಟುಹೋಯಿತು. ಉಳಿದದ್ದು ಹಣೆಯ ಮೇಲಿನ ವಿಭೂತಿ ಮಾತ್ರ. ಒಂದು ಚೌಕಾಕಾರದ ಕತ್ತಲೆ, ಅದರೊಳಗೆ ಮೂರು ಬಿಳಿ ಗೆರೆ. ಜೆರಾಕ್ಸಿನ ನಾಗರಾಜಪ್ಪ ಕನ್ನಡಕ ಮೇಲೆತ್ತಿ ನೋಡಿ, "ಮೇಡಂ, ಫೋಟೋ ಹಾಕೋದು ಮರ್ತಿದ್ದೀರಾ ಅನ್ಸುತ್ತೆ" ಎಂದರು. ಫೋಟೋ ಇದೆ ಎಂದೆ. ಅವರು ಇನ್ನೊಮ್ಮೆ ನೋಡಿ, ಇದ್ದರೂ ಇರಬಹುದೆಂಬ ಮರ್ಯಾದೆಯಿಂದ ತಲೆಯಾಡಿಸಿದರು. "ಸ್ವಲ್ಪ ಬ್ರೈಟ್ ಮಾಡ್ಕೊಂಡು ಬನ್ನಿ. ನಮ್ ಮಿಷನ್ನು ಇರೋದಕ್ಕಿಂತ ಒಂದು ಸುತ್ತು ಕಪ್ಪೇ ಕೊಡೋದು."

ಅದಕ್ಕೇ ಶನಿವಾರ ಗಿಳಿಗಳನ್ನು ಮಡಚಿಟ್ಟು ಕೂತೆ. ಹತ್ತು ಗಂಟೆಗೆ ಕರೆಂಟು ಹೋಗಿ ಹನ್ನೆರಡಕ್ಕೆ ಬರುತ್ತದೆ, ಅದು ನಮ್ಮ ಬೀದಿಯ ಪಂಚಾಂಗ. ಅಷ್ಟರೊಳಗೆ ಮುಗಿಸಬೇಕು. ಫೋಟೋ ಮೇಲೆ ಒತ್ತಿದರೆ ಪುಟ್ಟ ಪುಟ್ಟ ಗುಂಡಿಗಳ ಒಂದು ಪಟ್ಟಿ ಏಳುತ್ತದೆ. ಅದರಲ್ಲಿ ಎರಡು ಸೂರ್ಯ. ಒಂದು ಸೂರ್ಯನ ಪಕ್ಕ ಮೇಲ್ಮುಖದ ಬಾಣ, ಇನ್ನೊಂದರ ಪಕ್ಕ ಕೆಳಮುಖದ ಬಾಣ. ಮೇಲಿನದನ್ನು ಒತ್ತಿದರೆ ಬೆಳಕು ಏರುತ್ತದೆ, ಕೆಳಗಿನದನ್ನು ಒತ್ತಿದರೆ ಇಳಿಯುತ್ತದೆ. ಇಷ್ಟು ಸುಲಭವೇ ಎಂದು ಮೇಲಿನ ಸೂರ್ಯನನ್ನು ಒತ್ತುತ್ತಾ ಹೋದೆ. ನಾಲ್ಕನೇ ಒತ್ತಿಗೆ ಕಿವಿ ಕಂಡಿತು. ಆರನೆಯದಕ್ಕೆ ಮೀಸೆ. ಎಂಟಕ್ಕೆ ಕಣ್ಣು, ಆ ಕಣ್ಣಿನಲ್ಲಿ, ಊಟ ಯಾವಾಗ ಎಂದು ಕೇಳುವ ಹಾಗಿದ್ದ ಅವರ ಆ ನೋಟ. ನನಗೆ ಒಂದು ಕ್ಷಣ ಕೈ ನಿಂತಿತು. ವರ್ಷದ ಮೇಲೆ ಅವರನ್ನು ನೋಡಿದ ಹಾಗಾಯಿತು. ಆಮೇಲೆ ಹಣೆ ನೋಡಿದೆ. ಹಣೆ ಖಾಲಿ. ಮುಖ ಬೆಳ್ಳಗಾಗುತ್ತ ಆಗುತ್ತ ವಿಭೂತಿ ಅದರಲ್ಲಿ ಕರಗಿಹೋಗಿತ್ತು.

ಅತ್ತೆಯನ್ನು ಕರೆದೆ. ಅವರು ಬಂದು ಮೂಗು ಪರದೆಗೆ ತಾಗುವಷ್ಟು ಬಗ್ಗಿದರು. 

"ಯಾರವ್ವ ಇದು?"

"ಮಾವ, ಅತ್ತೆ."

"ನಿಮ್ಮಾವನಾ? ಇಷ್ಟು ಬೆಳ್ಗಿದ್ದಿದ್ರೆ ನನ್ನ ಎಲ್ಲಿ ಒಪ್ಕತಿದ್ರು. ಹೆಣ್ಣು ನೋಡಕೆ ನಮ್ ಚಂದಕವಾಡಿಗೆ ಬರ್ತಾನೇ ಇರ್ನಿಲ್ಲ." ಹೀಗೆಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಬೆರಳಿನಿಂದ ಪರದೆಯ ಮೇಲೆ ಹಣೆಯ ಜಾಗವನ್ನು ಹುಡುಕಿದರು. "ಇಬೂತಿ ಎಲ್ಲವ್ವ? ಬೋಳು ಹಣೇಲಿ ಯಾವತ್ತು ಬಾಗ್ಲು ದಾಟಿದ್ರು ಅವ್ರು? ಇದ್ನ ಕೊಟ್ರೆ ನೆಂಟ್ರು ಏನಂದಾರು. ವಸಿ ಕಮ್ಮಿ ಮಾಡು."

ಕಮ್ಮಿ ಮಾಡಿದೆ. ಕೆಳಗಿನ ಸೂರ್ಯನನ್ನು ಎರಡು ಸಲ ಒತ್ತಿದರೆ ವಿಭೂತಿ ಇಣುಕಿತು, ಮೀಸೆ ಮುಳುಗಿತು. ಮೇಲಿನದನ್ನು ಒಂದು ಸಲ ಒತ್ತಿದರೆ ಮೀಸೆ ಬಂತು, ವಿಭೂತಿ ಹೋಯಿತು. ಮಾವನವರು ಬದುಕಿದ್ದಾಗಲೂ ಹೀಗೇ. ಅವರಿಗೆ ಸಾರು ಹುಳಿಯಾಗಬಾರದು, ಸಪ್ಪೆಯೂ ಆಗಬಾರದು. ಫ್ಯಾನು ಜೋರಾಗಬಾರದು, ನಿಲ್ಲಲೂಬಾರದು. ಹನ್ನೆರಡು ವರ್ಷ ನಾನು ಈ ಮನೆಯಲ್ಲಿ ಮೇಲಿನ ಗುಂಡಿಗೂ ಕೆಳಗಿನ ಗುಂಡಿಗೂ ನಡುವೆ ಓಡಾಡಿದ್ದೇನೆ, ಆಗ ಅದಕ್ಕೆ ಸೂರ್ಯನ ಚಿತ್ರ ಇರಲಿಲ್ಲ ಅಷ್ಟೇ. ಅರ್ಧ ಕಪ್ಪು ಅರ್ಧ ಬಿಳುಪಿನ ಒಂದು ಚಂದ್ರನ ಗುಂಡಿಯೂ ಇತ್ತು. ಅದನ್ನು ಒತ್ತಿದಾಗ ಮಾವನವರ ಮುಖ ಇದ್ದಕ್ಕಿದ್ದ ಹಾಗೆ ಚುನಾವಣೆಯ ಗೋಡೆಬರಹದಂತಾಯಿತು. ಮತ್ತೊಂದು ಕಡೆ ಏನೋ ಒತ್ತಿದೆ. ಅವರು ಪೂರ್ತಿ ಮಂಜಾಗಿ ಅಕ್ಷರಗಳ ಹಿಂದೆ ಸರಿದುಹೋದರು. ಅಲ್ಲಿಂದ ಅವರನ್ನು ವಾಪಸು ಕರೆತರಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಹತ್ತು ಗಂಟೆ. ಕರೆಂಟು ಹೋಯಿತು, ಯುಪಿಎಸ್ಸು ಮರಿ ಕಳೆದುಕೊಂಡ ಬೆಕ್ಕಿನಂತೆ ಕೂಗತೊಡಗಿತು. ಎಲ್ಲವನ್ನೂ ಮುಚ್ಚಿ ಎದ್ದೆ.

ಆ ಎರಡು ಗಂಟೆಯಲ್ಲಿ ಸೊಪ್ಪಿನ ಸಾರು ಮಾಡಿದೆ, ಮುದ್ದೆ ತಿರುವಿದೆ, ಬಟ್ಟೆ ಹಿಂಡಿ ಹರವಿದೆ. ಕಣ್ಣು ಮುಚ್ಚಿದರೆ ಎರಡು ಸೂರ್ಯ ಕಾಣುತ್ತಿದ್ದವು. ನನಗೆ ಸುಸ್ತು ಎಂದರೆ ಬಟ್ಟೆ ಒಗೆದ ಸುಸ್ತಲ್ಲ. ಅದು ಮಲಗಿದರೆ ಹೋಗುತ್ತದೆ. ಇದು ಯಾವುದನ್ನೂ ಎತ್ತಿಡದೆ, ಕೂತಲ್ಲೇ ಕೂತು, ಒಂದು ಬೆರಳಿನಿಂದ ಬಂದ ಸುಸ್ತು. ಇದನ್ನು ಯಾರಿಗಾದರೂ ಹೇಳಿದರೆ "ಕೂತ್ಕೊಂಡು ಮಾಡೋ ಕೆಲಸ ತಾನೇ" ಎನ್ನುತ್ತಾರೆ. ಹಾಗಾಗಿ ಸಾರಿಗೆ ಒಗ್ಗರಣೆ ಹಾಕುತ್ತಾ ಒಗ್ಗರಣೆಗೇ ಹೇಳಿಕೊಂಡೆ. ಆಗಲೇ ಒಂದು ಉಪಾಯ ಹೊಳೆಯಿತು. ಮುಖವನ್ನು ಬೆಳಕಿಗೇ ಬಿಡುವುದು. ವಿಭೂತಿಯನ್ನು ನಾನೇ ಹಚ್ಚುವುದು.

ವರ್ಡ್‌ನಲ್ಲಿ ಗೆರೆ ಎಳೆಯುವ ಸೌಕರ್ಯವಿದೆ. ಹನ್ನೆರಡಕ್ಕೆ ಕರೆಂಟು ಬಂದ ಕೂಡಲೇ ಹಣೆಯ ಮೇಲೆ ಒಂದು ಬಿಳಿ ಗೆರೆ ಎಳೆದೆ. ಬೆಳ್ಳಗಿನ ಹಣೆಯ ಮೇಲೆ ಬಿಳಿ ಗೆರೆ. ಎಳೆದದ್ದು ನನಗೆ ಮಾತ್ರ ಗೊತ್ತು. ಬೂದು ಬಣ್ಣ ಕೊಟ್ಟು ಮೂರು ಎಳೆದೆ. ಈಗ ಕಂಡಿತು, ಆದರೆ ವಿಭೂತಿಯ ಹಾಗಲ್ಲ, ಸುಕ್ಕಿನ ಹಾಗೆ. ಮಾವನವರು ಯಾವುದೋ ಭಾರೀ ಯೋಚನೆಯಲ್ಲಿ ಮುಳುಗಿದಂತೆ, ತಮ್ಮ ಪುಣ್ಯಸ್ಮರಣೆಗೆ ಎಷ್ಟು ಜನ ಬರಬಹುದೆಂದು ಯೋಚಿಸುತ್ತಿರುವಂತೆ ಕಂಡರು. ಕೊನೆಗೆ ಒಂದೇ ಒಂದು ಸಲ ಬೆಳಕು ಇಳಿಸಿ ಮುಖವನ್ನು ತಿಳಿ ಬೂದು ಮಾಡಿ, ಅದರ ಮೇಲೆ ಅಚ್ಚ ಬಿಳಿಯ ಮೂರು ಗೆರೆ ಇಟ್ಟೆ. ಶಿಫ್ಟ್ ಒತ್ತಿಹಿಡಿದು ಎಳೆದರೆ ಗೆರೆ ಅಲುಗದೆ ನೆಟ್ಟಗೆ ಬರುತ್ತದೆಂದು ಕಂಡುಕೊಂಡದ್ದು ಆಗಲೇ. ಮೂರೂ ಒಂದೇ ಉದ್ದ, ಒಂದೇ ದಪ್ಪ, ನಡುವೆ ಒಂದೇ ಅಂತರ. ನೋಡಿ ನನಗೇ ತೃಪ್ತಿಯಾಯಿತು. ಹಳೆಯ ವಿಭೂತಿಯ ಮಸುಕು ಗುರುತು ಅದರ ಕೆಳಗೆ ಎಲ್ಲಿ ಮುಚ್ಚಿಹೋಯಿತೋ ಗೊತ್ತಾಗಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಗುಂಡ್ಲುಪೇಟೆಯಿಂದ ಅತ್ತಿಗೆಯ ಫೋನು. 

"ಶೈಲಾ, ಕಾರ್ಡಲ್ಲಿ ಮೇಲ್ಗಡೆ ಏನ್ ಹಾಕಿದ್ದೀಯೆ?"

"ಪುಣ್ಯಸ್ಮರಣೆ ಅಂತ ಹಾಕಿದ್ದೀನಿ, ಅತ್ತಿಗೆ."

"ಅದಕ್ಕೂ ಮೇಲೆ. ಓಂ ನಮಃ ಶಿವಾಯ ಅಂತ ಒಂದು ಸಾಲು ಬೇಡ್ವಾ? ನೀವು ಕಾನ್ವೆಂಟ್ನೋರು ಮರೀತೀರಿ ಅಂತಾನೇ ಫೋನ್ ಮಾಡ್ದೆ. ನಮ್ಮನೆಯವರು ಇಲ್ಲೇ ಕೂತು ನಗ್ತಾ ಅವ್ರೆ."

ಅತ್ತಿಗೆ ಹೇಳಿದ್ದು ನಿಜ, ಮರೆತಿದ್ದೆ. ಫೋನಿಟ್ಟು, ಎಲ್ಲಕ್ಕಿಂತ ಮೇಲೆ ಆ ಸಾಲು ಸೇರಿಸಿದೆ. ಸಾಲು ಬಂದದ್ದೇ ಮಾವನವರು ಒಂದು ಮೆಟ್ಟಿಲು ಕೆಳಗಿಳಿದರು. ವಿಭೂತಿ ಇಳಿಯಲಿಲ್ಲ. ಅದು ತಲೆಯ ಮೇಲೆ, ಗಾಳಿಯಲ್ಲಿ, ಎಲ್ಲಿತ್ತೋ ಅಲ್ಲೇ ನಿಂತಿತು. ಗಾಬರಿಯಲ್ಲಿ ಎರಡು ಖಾಲಿ ಸಾಲು ಅಳಿಸಿದೆ. ಮಾವನವರು ಈಗ ಜಿಗಿದು ಮೇಲೆ ಬಂದರು. ವಿಭೂತಿ ಮೂರೂ ಗೆರೆ ಮೀಸೆಯ ಮೇಲೆ ಕೂತಿತು. ನರೆತ ಮೀಸೆಗೆ ಪಟ್ಟೆ. ಇನ್ನೊಂದು ಕ್ಷಣ ನೋಡಿದ್ದರೆ ನಗು ಬಂದುಬಿಡುತ್ತಿತ್ತು, ಮಾವನವರ ಚಿತ್ರದ ಮುಂದೆ ನಗುವುದು ಸರಿಯಲ್ಲವೆಂದು ಎದ್ದು ಹೋಗಿ ನೀರು ಕುಡಿದು ಬಂದೆ. ಆಮೇಲೆ ಒಂದೊಂದೇ ಗೆರೆಯನ್ನು ಹಿಡಿದು, ಬಾಣದ ಗುಂಡಿ ಒತ್ತಿ ಒತ್ತಿ, ಮೀಸೆಯಿಂದ ಮೂಗಿಗೆ, ಮೂಗಿನಿಂದ ಹುಬ್ಬಿಗೆ, ಹುಬ್ಬಿನಿಂದ ಹಣೆಗೆ ಹತ್ತಿಸಿದೆ. ಮೂರು ಗೆರೆಗೆ ಮೂರು ಪ್ರಯಾಣ. ಇನ್ನು ಯಾವ ನೆಂಟರು ಯಾವ ಸಾಲು ಹೇಳಿದರೂ ಸೇರಿಸುವುದಿಲ್ಲವೆಂದು ತೀರ್ಮಾನಿಸಿ ಫೋನಿನ ರಿಸೀವರನ್ನು ಸ್ವಲ್ಪ ಓರೆಯಾಗಿ ಇಟ್ಟೆ. ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಬೇಸರಪಟ್ಟುಕೊಳ್ಳುತ್ತಿದ್ದರು.

ಮೂರು ಗಂಟೆಗೆ ನಾಗರಾಜಪ್ಪನವರ ಅಂಗಡಿ. ಅವರು ಮೊದಲ ಪ್ರತಿ ತೆಗೆದು ಬೆಳಕಿಗೆ ಹಿಡಿದರು. "ಇವತ್ತು ಬಂದವ್ರೆ" ಎಂದರು. ಮುಖ ಇತ್ತು, ಕಣ್ಣು ಇತ್ತು, ಮೀಸೆ ಇತ್ತು, ಹಣೆಯ ಮೇಲೆ ಮೂರು ಗೆರೆಯೂ ಇತ್ತು. ಇನ್ನೂರು ಪ್ರತಿಯೂ ಬಿಸಿಬಿಸಿಯಾಗಿ ಬಂದವು. ದಾರಿಯುದ್ದಕ್ಕೂ ಆ ಕಟ್ಟನ್ನು ಎದೆಗೆ ಒತ್ತಿಕೊಂಡು ನಡೆದೆ. ಇಷ್ಟು ವರ್ಷದಲ್ಲಿ ಅತ್ತೆ ನನ್ನ ಯಾವ ಕೆಲಸಕ್ಕೂ ಹೆಸರಿಟ್ಟವರಲ್ಲ, ಹಾಗೆಂದು ಹೊಗಳಿದವರೂ ಅಲ್ಲ. ಇವತ್ತು ಅವರು ನೋಡಿ ಏನಾದರೂ ಹೇಳುತ್ತಾರೆ ಎಂದು ನನ್ನ ಮನಸ್ಸಿನಲ್ಲಿ ಇದ್ದುದನ್ನು ಒಪ್ಪಿಕೊಳ್ಳಲೇಬೇಕು.

ಸಂಜೆ ಬಿಸಿಲು ಜಗಲಿಗೆ ಬರುವ ಹೊತ್ತು ನೋಡಿಕೊಂಡು ಅತ್ತೆಯನ್ನು ಅಲ್ಲಿ ಕೂರಿಸಿ ಒಂದು ಕಾರ್ಡು ಕೈಗೆ ಕೊಟ್ಟೆ. ಅವರು ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡು ಕಾರ್ಡನ್ನು ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. 

"ಮುಖ ಕಾಣ್ತಾ ಅದೆ ಕಣವ್ವ" ಎಂದರು. "ಕಣ್ಣೂ ಕಾಣ್ತಾ ಅವೆ. ಇಬೂತಿನೂ ಅದೆ." 

ನಾನು ಕಾದೆ. ಅವರು ಇನ್ನೂ ನೋಡುತ್ತಲೇ ಇದ್ದರು. 

"ಸರಿಯಾಗಿಲ್ವಾ, ಅತ್ತೆ?"

"ಸರಿಯಾಗೇ ಅದೆ. ಕಷ್ಟಪಟ್ಟಿದ್ದೀಯೆ." ಕಾರ್ಡನ್ನು ಮಡಿಲಲ್ಲಿ ಮಗುಚಿಟ್ಟರು. "ನಂಗೇ ಕಣ್ಣು ಸರಿ ಇಲ್ವಲ್ಲ. ಅವ್ರಂಗೇ ಅದೆ, ಅವ್ರಲ್ಲ ಅನ್ನಂಗೂ ಅದೆ. ಬುಡವ್ವ."

ಆ 'ಬುಡವ್ವ' ಕೇಳಿದ ಮೇಲೆ ನಾನೂ ಜಗಲಿಯ ಮೇಲೆ ಕೂತುಬಿಟ್ಟೆ. ಇವರು ಒಳಗೆ ಕೂತು ಕಾರ್ಡುಗಳ ಹಿಂದೆ ಹೆಸರು ಬರೆಯುತ್ತಿದ್ದರು. "ಬಹಳ ಚೆನ್ನಾಗಿದೆ, ಅಪ್ಪ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ" ಎಂದು ತಲೆಯೆತ್ತದೆ ಎರಡು ಸಲ ಹೇಳಿದ್ದರು.

ಆಗ ಪಕ್ಕದ ಮನೆಯ ಶಮೀಮಕ್ಕ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಅವರ ಯಜಮಾನರದು ಲಾರಿ, ಬೈಕುಗಳ ಸೀಟು ಹೊಲಿಯುವ ಅಂಗಡಿ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದೇ ಗೋಡೆ. ಮೊಸರಿನ ಬಟ್ಟಲನ್ನು ಸೊಂಟಕ್ಕೆ ಆನಿಸಿಕೊಂಡು, ಅತ್ತೆಯ ಮಡಿಲಿನಿಂದ ಕಾರ್ಡು ತೆಗೆದು ನೋಡಿದರು. 

"ಅಪ್ಪಾಜಿ ಚೆನ್ನಾಗಿ ಬಂದಿದ್ದಾರೆ. ವಿಭೂತಿ ಯಾರು ಹಚ್ಚಿದ್ದು, ಮೇಷ್ಟ್ರಮ್ಮ?"

"ಯಾಕೆ, ಶಮೀಮಕ್ಕ?"

"ಅಲ್ಲ, ಇಷ್ಟು ನೆಟ್ಟಗಿದೆಯಲ್ಲ. ಅಪ್ಪಾಜಿ ದಿನಾ ಆ ಗೋಡೆ ಹತ್ರ ನಿಂತ್ಕೊಂಡು ನಮ್ಮನೆಯವರ ಜೊತೆ ಮಾತಾಡ್ತಾ ಮಾತಾಡ್ತಾ ಹಚ್ಕೊಳ್ಳೋರು. ಕನ್ನಡಿ ಎಲ್ಲಿತ್ತು ಅವರ ಹತ್ರ? ಎಡಗಡೆ ಹುಬ್ಬಿಗೆ ಇಳಿದೇ ಇಳಿಯೋದು. ನಮ್ಮನೆಯವರು ಒಂದಿನ ಹೇಳೇಬಿಟ್ರು, ಶಿವ ಒಂದ್ಕಡೆ ವಾಲಿದ್ದಾನೆ ಯಜಮಾನ್ರೆ ಅಂತ."

ಅತ್ತೆ ನೆಟ್ಟಗೆ ಕೂತರು. "ಅದೇ ಕಣವ್ವ. ಅದೇ. ನಲವತ್ತು ವರ್ಸ ಹೇಳ್ದೆ, ವಸಿ ನೋಡ್ಕಂಡು ಹಚ್ಕಳಿ ಅಂತ. ಕೇಳ್ನಿಲ್ಲ ಆ ಮನುಷ."

ನಾನು ಒಳಗೆ ಹೋಗಿ ಗೃಹಪ್ರವೇಶದ ಮೂಲ ಫೋಟೋ ತೆಗೆದು ನೋಡಿದೆ. ಗೆರೆ ಮೂರೂ ಎಡಕ್ಕೆ ವಾಲಿದ್ದವು. ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಆ ಮನುಷ್ಯನಿಗೆ ಕಾಫಿ ಕೊಟ್ಟಿದ್ದೇನೆ. ಕಾಫಿ ಬಿಸಿಯಿದೆಯೇ, ಲೋಟದ ಅಂಚು ಒರೆಸಿದೆಯೇ, ತಟ್ಟೆಗೆ ಚೆಲ್ಲಿದೆಯೇ, ಎಲ್ಲ ನೋಡಿದ್ದೇನೆ. ಅವರ ಹಣೆಯನ್ನು ಗೋಡೆಯಾಚೆಯವರು ನೋಡಿದ್ದರು.

ವಾಪಸು ಬರುವಷ್ಟರಲ್ಲಿ ಅತ್ತೆ ದೇವರ ಗೂಡಿನಿಂದ ವಿಭೂತಿ ಗಟ್ಟಿಯನ್ನೂ, ಉರಿದು ಮುಗಿದ ಊದುಬತ್ತಿಯ ಒಂದು ಕಡ್ಡಿಯನ್ನೂ ತಂದು ಕೂತಿದ್ದರು. ಕಡ್ಡಿಯ ತುದಿಯನ್ನು ನೀರಿಗೆ ಅದ್ದಿ, ಗಟ್ಟಿಗೆ ಉಜ್ಜಿ, ಕಾರ್ಡಿನ ಮೇಲೆ ಮುಖವಿಟ್ಟುಕೊಂಡು, ನನ್ನ ನೆಟ್ಟಗಿನ ಗೆರೆಗಳ ಮೇಲೆ ಮೂರು ಗೆರೆ ಎಳೆದರು. ಮೂರೂ ಎಡ ಹುಬ್ಬಿನ ಕಡೆಗೆ ಇಳಿದವು. ಊದಿ ಒಣಗಿಸಿದರು. ಒಣಗಿದ ಹಾಗೆಲ್ಲ ಅದು ಬೆಳ್ಳಗಾಗುತ್ತ ಬಂತು. ಅತ್ತೆ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು, ಬಿಸಿಲು ಜಗಲಿಯಿಂದ ಇಳಿದು ಬೀದಿಗೆ ಹೋಗುವ ತನಕ.

ಶಮೀಮಕ್ಕ ಮೊಸರಿನ ಬಟ್ಟಲಿನ ಮೇಲೆ ದುಪಟ್ಟದ ಅಂಚು ಮುಚ್ಚಿಕೊಂಡು ಮೆಟ್ಟಿಲು ಇಳಿಯುತ್ತಾ ಹೇಳಿದರು: "ಮಿಕ್ಕಿದ್ದಕ್ಕೆಲ್ಲ ಹಂಗೇ ಹಚ್ಬಿಡಿ, ಅಮ್ಮ. ಮೇಷ್ಟ್ರಮ್ಮನ ಕಂಪ್ಯೂಟರ್‌ಗಿಂತ ಬೇಗ ಆಗುತ್ತೆ."